ಸಾಹುಕಾರರ ಮೈಯಲ್ಲಿ ರಕ್ತವೆಷ್ಟು?

ಹತ್ತಿಪೇಟೆಯಲ್ಲಿ ಹಮಾಲರ ಸಂಘ ಕಟ್ಟಿದ ನನ್ನಂಥವನಿಗೆ ಜಗಳಕ್ಕೆ ಬರವಿಲ್ಲ, ನಗುವಿಗೂ ಬರವಿಲ್ಲ. ಕೂಗಾಡಲು ಹೋದಲ್ಲೆಲ್ಲ ಇಂಥದೊಂದು ಎದುರಾಗುತ್ತದೆ. ಇದು ಹುಬ್ಬಳ್ಳಿಗೆ ಕಿಲೋ ತೂಕ ಹೊಸದಾಗಿ ಬಂದ ಕಾಲದ್ದು.

೧. ತುಂಬಿದ ಬಾವಿ

ಹತ್ತಿ ದಲಾಲಿ ಸಾಹುಕಾರರೊಬ್ಬರ ಹೊಟ್ಟೆಯಲ್ಲಿ ಹುಣ್ಣು. ಆನೆಯಂಥ ಮೈ. ಆಪರೇಶನ್ ಆಗದಿದ್ದರೆ ಜೀವ ಉಳಿಯದು ಎಂದ ಡಾಕ್ಟರು, "ರಕ್ತ ಕೊಡಾಕ ಮನ್ಯಾಗ ಯಾರದೀರಿ?" ಎಂದು ಕೇಳಿದರು.

ಸಾಹುಕಾರರ ಹೆಂಡತಿಯ ತಮ್ಮ ನಕ್ಕ. ಆತನೂ ದುಂಡಗೆ ಬೆಳೆದವನೇ. "ನಮ್ಮ ಮಾಮಾನ ಮೈ ನೋಡ್ರಿ, ತುಂಬಿದ ಬಾವಿ! ಬೇಕಂದ್ರ ನೀವಽ ಎರಡು ಬಾಟ್ಲಿ ತಗೋರಿ."

ಡಾಕ್ಟರು ಒಪ್ಪಲಿಲ್ಲ. ಆ ತಮ್ಮ ರಕ್ತಕ್ಕಾಗಿ ಹಮಾಲರಿಗೆ ಹೇಳಿಕಳಿಸಿದ. ಒಬ್ಬ ಹಮಾಲನನ್ನು ಕರಕೊಂಡು ನಾನೇ ಹೋದೆ. "ನಿಮ್ಮ ಹತ್ತಿ ಅಂಡಿಗೆ ಹೊತ್ತದ್ದು ಸಾಲಲಿಲ್ಲೇನ್ರಿ? ಮೊದಲ ನಿಮ್ಮ ತೋಳು ಚಾಚ್ರಿ!" ಎಂದು ವಾರ್ಡಿನಲ್ಲೇ ಗುಡುಗಿದೆ.

"ಚಾಚ್ತಿದ್ದೆ ರೀ, ಏನೂ ತಿಂದಿಲ್ಲ, ನಿಶ್ಶಕ್ತಿ," ಎಂದ. ಬಾಯಲ್ಲಿ ಇನ್ನೂ ಮಿರ್ಚಿಭಜಿ ಇತ್ತು.

೨. ತಕ್ಕಡಿ

ಮೈಯಲ್ಲಿ ರಕ್ತವೆಷ್ಟೆಂದು ಅಂದಾಜು ಮಾಡಲು ತೂಕ ಬೇಕು. ಆಸ್ಪತ್ರೆಯ ಕಾಟಾದ ಮುಳ್ಳು ಕೊನೆಗೆ ಹೋಗಿ ನಿಂತುಬಿಟ್ಟಿತು. ಅವರದೇ ಅಂಗಡಿಯ ಹತ್ತಿ ತಕ್ಕಡಿ ತರಿಸಿ ಅಂಗಳದಲ್ಲಿ ತೂಗುಹಾಕಿದೆವು. ಒಂದು ಕಡೆ ಸಾಹುಕಾರರು, ಇನ್ನೊಂದು ಕಡೆ ಕಬ್ಬಿಣದ ಕಲ್ಲು. ಮಂದಿಯೋ ಮಂದಿ! ತುಲಾಭಾರವೆಂದು ತಿಳಿದ ಮುದುಕಿಯೊಬ್ಬಳು ಸೆರಗೊಡ್ಡಿ ನಿಂತಳು.

"ಬೆಲ್ಲ ಹಂಚೂದು ಯಾವಾಗಪಾ?"

"ಇದು ದವಾಖಾನಿ ತೂಕ ಬೇ. ಬೆಲ್ಲ ಇಲ್ಲ."

ಆಕೆ ಆ ಕಡೆಯ ತಟ್ಟೆ ನೋಡಿದಳು. "ಅಯ್ಯ! ಇಷ್ಟು ದೊಡ್ಡ ಸಾಹುಕಾರ, ದೇವರಿಗೆ ಕಬ್ಬಿಣ ಕೊಡ್ತಾನ?"

೩. ಕಡಿತ

ಪೇಟೆಯಲ್ಲೊಂದು ಅನ್ಯಾಯವಿತ್ತು. ರೈತ ಹತ್ತಿ ತಂದರೆ ಕಸ, ತೇವ ಎಂದು ದಲಾಲರು ತೂಕದಲ್ಲಿ ಕಳೆಯುತ್ತಿದ್ದರು. ಅದು ಹಗಲುದರೋಡಿ ಎಂದು ಕೂಗಿ ಕೂಗಿ ನನ್ನ ಗಂಟಲು ಹರಿದಿತ್ತು.

ಈಗ ಡಾಕ್ಟರು ಹೇಳಿದರು: "ಸಾಹುಕಾರ್ರ, ಕೊಬ್ಬಿನಾಗ ರಕ್ತ ಭಾಳ ಕಡಿಮಿ. ಅದರ ತೂಕ ಕಳದಽ ಲೆಕ್ಕ ಹಿಡೀಬೇಕು."

ಸಾಹುಕಾರರು ನೋವು ಮರೆತು ಎದ್ದು ಕೂತರು. "ಕಳೀತೀರಿ? ಕಣ್ಣೆದುರು ತೂಗಿದ ಮಾಲು ರೀ! ಇದು ಹಗಲುದರೋಡಿ!"

ನನಗೆ ಕುಣಿಯುವಷ್ಟು ಖುಷಿ! ನನ್ನ ಘೋಷಣೆ ಅವರ ಬಾಯಲ್ಲಿ!

"ಕಳದ್ರ ಈ ಹಮಾಲಗಿಂತ ನಿಮಗ ರಕ್ತ ಭಾಳೇನ ಹೆಚ್ಚಿಲ್ಲ," ಎಂದರು ಡಾಕ್ಟರು.

"ಹಂಗಾರ ಅಂವಂದೂ ಕಳೀರಿ!"

"ಅವನ ಮೈಯಾಗ ಕಳಿಯಾಕ ಏನದ ರೀ?"

೪. ಬಾಟಲಿ

ಪರೀಕ್ಷೆ ಮಾಡಿದಾಗ ಇಬ್ಬರ ರಕ್ತ ಮಾತ್ರ ಹೊಂದಿತು: ನಮ್ಮ ಹಮಾಲನದು, ಆ ತಮ್ಮನದು. ಹಮಾಲ ನನ್ನ ಮುಖವನ್ನೂ ನೋಡದೆ, "ಜೀವ ಅಲ್ಲೇನ್ರಿ," ಎಂದು ಒಂದು ಬಾಟಲಿ ಕೊಟ್ಟು ಎದ್ದ. ಒಂದು ಸಾಲದು ಎಂದರು ಡಾಕ್ಟರು. ಸಾಹುಕಾರರ ಜೀವ ಇನ್ನೊಂದು ಬಾಟಲಿಯ ಮೇಲೆ ನಿಂತಿತು. ಕೊನೆಗೆ ಅದೂ ತುಂಬಿತು, ಅವರು ಉಳಿದರು. ಅದು ತುಂಬಿದ ಬಗೆ ಕೇಳಿ.

ಬಾಗಿಲಿಗೆ ಬೆನ್ನು ಹಚ್ಚಿ ಆ ತಮ್ಮ ಕೈಮುಗಿದ. "ಡಾಕ್ಟರ್ ಸಾಹೇಬ್ರ, ನಾನೂ ಬರೇ ಕೊಬ್ಬು ರೀ! ಕಳದು ನೋಡ್ರಿ, ನನ್ನಾಗ ರಕ್ತನಽ ಇಲ್ಲ!"

ಸಾಹುಕಾರರ ಹೆಂಡತಿ ಅವನ ರಟ್ಟೆ ಹಿಡಿದು ಮಂಚಕ್ಕೆ ನೂಕಿದಳು.

"ನನ್ನ ತಮ್ಮ ಹೇಳೂದು ಖರೇ ಅದ ರೀ. ತಲಿಯಿಂದ ಸುರು ಮಾಡಿ ಕಳೀರಿ. ಉಳದದ್ದನ್ನ ಬಾಟ್ಲಿಗೆ ತುಂಬ್ರಿ."