ತಟ್ಟಿ ನೋಡುವ ಮಾವ

ನಮ್ಮ ಸೋದರಮಾವ ದೇವರನ್ನು ಬೇಕಾದರೆ ನೋಡದೆಯೇ ನಂಬುತ್ತಾರೆ, ಕುಂಬಳಕಾಯಿಯನ್ನು ಮಾತ್ರ ತಟ್ಟದೆ ನಂಬುವುದಿಲ್ಲ. ಬರೀ ಕುಂಬಳಕಾಯಿಯಾಗಿದ್ದರೆ ನಾನೇಕೆ ಇದನ್ನು ಬರೆಯಲು ಕೂರುತ್ತಿದ್ದೆ? ಅವರು ಗೋಡೆ ತಟ್ಟುತ್ತಾರೆ, ಬಾಗಿಲು ತಟ್ಟುತ್ತಾರೆ (ಅದೂ ತೆರೆದ ಬಾಗಿಲು!), ಬಸ್ಸು ಹತ್ತುವ ಮುಂಚೆ ಅದರ ಪಕ್ಕೆ ತಟ್ಟುತ್ತಾರೆ. ಒಮ್ಮೆ ಜ್ವರವೆಂದು ಆಸ್ಪತ್ರೆಗೆ ಕರೆದುಕೊಂಡು ಹೋದರೆ, ಡಾಕ್ಟರ ಬೆನ್ನನ್ನೇ ತಟ್ಟಿ, "ವಸಿ ಕಫ ಅದೆ ಸಾ, ಮೊಸ್ರು ಬುಟ್ಬುಡಿ" ಎಂದು ಸಲಹೆ ಕೊಟ್ಟು ಬಂದವರು.

ಹೆಣ್ಣು ನೋಡಲು ನಾಗಮಂಗಲಕ್ಕೆ ಹೋದಾಗಲೂ ಇದೇ ಕಥೆ. ಅತ್ತೆ ತಲೆ ತಗ್ಗಿಸಿಕೊಂಡು ಹಿತ್ತಾಳೆ ಚೊಂಬಿನಲ್ಲಿ ನೀರು ತಂದು ಮುಂದೆ ಹಿಡಿದರಂತೆ. ಈ ಮಹಾರಾಯರು ಚೊಂಬು ಇಸಕೊಳ್ಳಲಿಲ್ಲ. ಅತ್ತೆಯ ಕೈಯಲ್ಲಿದ್ದ ಹಾಗೆಯೇ ಅದನ್ನು ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದರು, ಕಿವಿಗೊಟ್ಟು ಕೇಳಿದರು, "ನಂಗೆ ಒಪ್ಗೆ" ಎಂದುಬಿಟ್ಟರು. ಹುಡುಗಿಯ ಮುಖ ನೋಡಿದ್ದು ಆಮೇಲೆ. ಅಂದಿನಿಂದ ನಲವತ್ತು ವರ್ಷ ಅತ್ತೆಯದು ಒಂದೇ ಪ್ರಶ್ನೆ: "ಒಪ್ಗೆ ಅಂದಿದ್ದು ನಂಗೋ, ಚೊಂಬ್ಗೋ?" ಮಾವ ಮೀಸೆಯೊಳಗೇ ನಕ್ಕು ಜಾರಿಕೊಳ್ಳುತ್ತಾರೆ.

ಪಾಂಡವಪುರದ ಹತ್ತಿರ ಮಾವನ ಆಲೆಮನೆ ಇದೆ. ಕಬ್ಬಿನ ಹಾಲನ್ನು ದೊಡ್ಡ ಕೊಪ್ಪರಿಗೆಯಲ್ಲಿ ಕುದಿಸಿ ಬೆಲ್ಲ ಮಾಡುವ ಕೆಲಸ. ಸರಿಯಾಗಿ ಹದ ಬಂದ ಗಳಿಗೆಯಲ್ಲಿ ಇಳಿಸಬೇಕು. ಮುಂಚೆ ಇಳಿಸಿದರೆ ಅಂಟು, ತಡವಾದರೆ ಕರಕಲು. ಉಳಿದವರು ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು ನೋಡುತ್ತಾರೆ. ಮಾವನ ಪ್ರಕಾರ ಅದು ಪರೀಕ್ಷೆಯಲ್ಲಿ ಕಾಪಿ ಹೊಡೆದ ಹಾಗೆ. ಅವರು ಕಣ್ಣು ಮುಚ್ಚಿಕೊಂಡು ಕುದಿಯುವ ಸದ್ದು ಕೇಳುತ್ತಾರೆ. ಗುಳುಗುಳು ಎನ್ನುತ್ತಿದ್ದದ್ದು ತಪ್ ತಪ್ ಎಂದು ಭಾರವಾದ ಕೂಡಲೇ "ಇಳಿಸ್ರಲಾ" ಎಂದು ಕೂಗುತ್ತಾರೆ. ಅವರ ವೇದಾಂತ ಹುಟ್ಟಿದ್ದೂ ಅದೇ ಕೊಪ್ಪರಿಗೆಯಲ್ಲಿ. ಬೆಲ್ಲಕ್ಕೆ, ಭೂಮಿಗೆ, ಭಜನೆಗೆ, ಭಗವಂತನಿಗೆ ಎಲ್ಲಕ್ಕೂ ಇರುವುದು ಒಂದೇ ಹದವಂತೆ. ತಟ್ಟಿ ಕೇಳುವವರಿಗೆ ಅದು ತಾನಾಗಿ ತಿಳಿಯುತ್ತದಂತೆ.

ಈ ಮತಕ್ಕೆ ಸೇರಿದ ಇನ್ನೊಬ್ಬರೆಂದರೆ ಶ್ರೀರಂಗಪಟ್ಟಣದಲ್ಲಿ ತಬಲ ರಿಪೇರಿ ಮಾಡುವ ಸಾಬರು. ಭಜನೆಯ ತಬಲ ಒಯ್ಯುವ ನೆಪದಲ್ಲಿ ಮಾವ ಒಂದು ಗಂಟು ಬೆಲ್ಲವನ್ನೂ ಒಯ್ಯುತ್ತಾರೆ. ಸಾಬರು ತಬಲದ ಕರಿಬೊಟ್ಟನ್ನು ಪದರಪದರವಾಗಿ ಮೆತ್ತಿ, ಕಲ್ಲಿನಿಂದ ಉಜ್ಜುತ್ತ, ನಡುನಡುವೆ ಬೆಲ್ಲ ಚಪ್ಪರಿಸುತ್ತಾರೆ.

"ಗೌಡ್ರೇ, ನಿಮ್ ಬೆಲ್ಲ, ನಮ್ ತಬಲ, ಎರಡೂ ಒಂದೇ ನೋಡಿ. ಜರಾ ಹದ ತಪ್ಪಿದ್ರೆ ಖಲಾಸ್. ದುನಿಯಾನೂ ಅಲ್ಲಾ ಹಿಂಗೇ ಹದ ನೋಡಿ ಮಾಡಿರೋದು ಅಂತ ನಮ್ ಉಸ್ತಾದ್ರು ಹೇಳ್ತಿದ್ರು."

"ಅಂಗಾರೆ ನಿಮ್ ಉಸ್ತಾದ್ರು ಯಾವ್ದೋ ಆಲೆಮನೇಗೆ ಬಂದೋಗಿರೋರೇ ಬುಡಿ."

ಹೀಗೆ ಇಬ್ಬರೂ ಸೇರಿ ಸರ್ವಧರ್ಮಗಳನ್ನು ಒಂದು ಮಾಡಿ ಮುಗಿಸುವಷ್ಟರಲ್ಲಿ ಬೆಲ್ಲವೂ ಮುಗಿದಿರುತ್ತದೆ. ತಬಲ ಮಾತ್ರ ಮುಂದಿನ ವಾರಕ್ಕೆ.

ಇನ್ನು ವಿಜ್ಞಾನದ ಸರದಿ. ನಾನು ಕೆ.ಆರ್. ಪೇಟೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವಳು. ಒಂದು ದಿನ ಮಾವ ಹೇಳದೆ ಕೇಳದೆ ಲ್ಯಾಬಿಗೆ ಬಂದುಬಿಟ್ಟರು. ಆಗ ನಾನು ಎರಡು ಕವಲಿನ ಉಕ್ಕಿನ ಟ್ಯೂನಿಂಗ್ ಫೋರ್ಕನ್ನು ರಬ್ಬರಿಗೆ ತಟ್ಟಿ, ಅದರ ನಾದವನ್ನು ಹುಡುಗಿಯರಿಗೆ ಕೇಳಿಸುತ್ತಿದ್ದೆ. ತಟ್ಟುವುದನ್ನು ಕಂಡ ಮೇಲೆ ಕೇಳಬೇಕೆ! "ನೋಡವ್ವ, ನಿಮ್ ಸೈನ್ಸೂ ಕೊನ್ಗೆ ನಮ್ ದಾರೀಗೇ ಬಂತು" ಎಂದು ಅದನ್ನು ಕಿತ್ತುಕೊಂಡರು. ತಟ್ಟಿ ಕಿವಿಯ ಹತ್ತಿರ ಹಿಡಿದರು. ಮುಖ ಸಪ್ಪಗಾಯಿತು. ಇನ್ನೊಮ್ಮೆ ತಟ್ಟಿದರು. ಆಮೇಲೆ ಅದರ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡರು ನೋಡಿ, ಮುಖ ಅರಳಿಹೋಯಿತು. ಹುಡುಗಿಯರು ಬಿದ್ದು ಬಿದ್ದು ನಕ್ಕರು. ನನ್ನ ನಗು ಅರ್ಧಕ್ಕೇ ನಿಂತಿತು. ಮುಂದಿನ ಬೆಂಚಿಗೂ ಕೇಳಿದ ಸದ್ದು ಮಾವನ ಕಿವಿಗೆ ಕೇಳಿರಲಿಲ್ಲ. ಹಲ್ಲಿಗೆ ಅದರ ನಡುಕ ತಿಳಿದಿತ್ತು, ಅಷ್ಟೆ.

ಕಿವಿಗೆ ಮಿಷನ್ನು ಹಾಕಿಸೋಣ ಎಂದೆ. "ಮಿಸನ್ ಇಕ್ಕಂಡ್ರೆ ಹದ ಹೇಳೋನು ನಾನೋ, ಬ್ಯಾಟ್ರಿಯೋ?" ಎಂದರು. ಮಾತು ಅಲ್ಲಿಗೆ ಮುಗಿಯಿತು.

ಈ ಸಲ ಕಬ್ಬು ಅರೆಯುವುದು ಶುರುವಾದ ಮೇಲೆ ಎರಡು ಕೊಪ್ಪರಿಗೆ ಕೆಟ್ಟವು. ಮಾವನ ಮಗ ನನಗೆ ಫೋನು ಮಾಡಿದ. "ಅಪ್ಪಂಗೆ ಕಿವಿ ಕೇಳ್ಸಾಕಿಲ್ಲ. ಇನ್ ಸಾಕು ಬುಡು, ನಾನ್ ನೋಡ್ಕೋತೀನಿ ಅಂದ್ರೆ ಮೈ ಮೇಲೇ ಬತ್ತಾರೆ. ಸೈನ್ಸು ಓದಿರೋಳು ನೀನು, ನೀನೇ ಬಂದು ಹೇಳು." ಹೋದೆ. ನಾನು ಬಾಯಿ ತೆರೆಯುವ ಮೊದಲೇ ಮಾವ ತೀರ್ಪು ಕೊಟ್ಟರು: "ಇವತ್ತು ಒಂದ್ ಕೊಪ್ರಿಗೆ ಇಳಿಸ್ತೀನಿ. ಕೆಟ್ರೆ ನಾಳಿಂದ ಆಲೆಮನೆ ಕಡೆ ತಲೆ ಹಾಕಾಕಿಲ್ಲ. ನೀನೇ ಸಾಕ್ಸಿ ಕಣವ್ವ." ಆಲೆಮನೆ ಬಿಟ್ಟು ಜಗುಲಿಯಲ್ಲಿ ಸುಮ್ಮನೆ ಕೂತ ಮಾವನನ್ನು ನೆನೆಸಿಕೊಂಡೇ ನನಗೆ ಸಂಕಟವಾಯಿತು.

ಕೊಪ್ಪರಿಗೆ ಕುದಿಯಿತು. ಆವಿಯ ಆಚೆ ಮಗ ತಣ್ಣೀರಿನ ತಟ್ಟೆ ಹಿಡಿದು ನಿಂತಿದ್ದ. ಈಚೆ ಮಾವ ಕಣ್ಣು ಮುಚ್ಚಿ ನಿಂತಿದ್ದರು. ಅವರ ಹಿಂದೆ ಎಂದಿನಂತೆ ಮಜ್ಜಿಗೆ ಲೋಟ ಹಿಡಿದ ಅತ್ತೆ. ನಾನು ಹಿಂಬದಿಯ ಕಬ್ಬಿನ ಸಿಪ್ಪೆಯ ರಾಶಿಯ ಮೇಲೆ ಕೂತಿದ್ದೆ. ಪಾಕದ ಸದ್ದು ಭಾರವಾಗುತ್ತ ಬಂತು. ಮಾವ ಅಲ್ಲಾಡಲಿಲ್ಲ. ಇಷ್ಟೇ, ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಅತ್ತೆ ಬೆರಳ ಗೆಣ್ಣಿನಿಂದ ಮಾವನ ಬೆನ್ನಿಗೆ ಎರಡು ಸಲ ತಟ್ಟಿದರು.

"ಇಳಿಸ್ರಲಾ!"

ಬೆಲ್ಲ ಚಿನ್ನದ ಬಣ್ಣಕ್ಕೆ ಕೂತಿತು. ಮಗ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ತಲೆ ಕೆರೆದುಕೊಂಡ. "ಅಪ್ಪನ್ ಕಿವಿ ಸರ್ಯಾಗೇ ಅದಲ್ಲ" ಎಂದ. ಸೈನ್ಸು ಓದಿರುವ ನಾನು, "ಹೌದು, ಸರಿಯಾಗೇ ಇದೆ" ಎಂದು ರಾಜಾರೋಷವಾಗಿ ಸುಳ್ಳು ಹೇಳಿದೆ.

ಅತ್ತೆಯನ್ನು ಒಂದು ಕಡೆ ಕರೆದು ಕೇಳಿದೆ. "ನಲವತ್ ವರ್ಸ ಆ ಕೊಪ್ರಿಗೆ ಮಗ್ಗುಲಲ್ಲೇ ನಿಂತಿವ್ನಿ. ನಂಗೂ ಕಿವಿ ಇಲ್ವಾ? ಯಾರ್ಗೂ ಅನ್ಬ್ಯಾಡ ಕಣವ್ವ" ಎಂದು ಬೆಲ್ಲ ಕಟ್ಟಿ ತರಲು ಒಳಗೆ ಹೋದರು.

ನಾನು ಹೊರಡಲು ಆಲೆಮನೆಯ ಮುಂದೆ ಬಂದು ನಿಂತೆ. ಮಾವ ಹತ್ತಿರ ಬಂದು, "ನೀನು ನೋಡ್ದೆ ಅಂತ ಗೊತ್ತು" ಎಂದರು.

"ಅವತ್ತು ಚೊಂಬಿನ್ ಸದ್ದು ಯಾರಿಗ್ ಬೇಕಾಗಿತ್ತವ್ವ? ನಾನ್ ತಟ್ಟಿದ್ ತಕ್ಸಣ ನಿಮ್ಮತ್ತೆ ಕೈ ನಡುಗ್ತು, ಗಾಜಿನ ಬಳೆ ಗಲ್ ಅಂದೊ. ಆ ಸದ್ಗೆ ಒಪ್ಗೆ ಅಂದೆ. ಈಗ್ ನೋಡು, ನನ್ ಕಿವಿ ಬುಟ್ಟು ಮೊದ್ಲು ಹೋಗಿದ್ದೇ ಅದು."

ವಯಸ್ಸಾದ ಕಿವಿಯಿಂದ ಸಣ್ಣ, ಚೂಪಾದ ಸದ್ದುಗಳೇ ಮೊದಲು ದೂರವಾಗುತ್ತವೆ. ಇದನ್ನು ನಾನು ವರ್ಷವರ್ಷವೂ ತರಗತಿಯಲ್ಲಿ ಹೇಳುತ್ತೇನೆ.

ಮಾವನಿಗೆ ಗೊತ್ತಾಗಿರಲಿಲ್ಲ, ಅತ್ತೆ ಬೆಲ್ಲದ ಗಂಟು ಹಿಡಿದು ಅವರ ಹಿಂದೆಯೇ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಗಂಟನ್ನು ನನ್ನ ಕೈಗೆ ಕೊಟ್ಟು, ಸೆರಗಿನಿಂದ ಕಣ್ಣು ಒರೆಸಿಕೊಂಡು, ಮಾವನ ಅಂಗೈಯನ್ನು ಎಳೆದು ತಮ್ಮ ಬಳೆಗಳ ಮೇಲೆ ಇಟ್ಟುಕೊಂಡರು. ಆಮೇಲೆ ಮೆಲ್ಲಗೆ ಕೈ ಅಲ್ಲಾಡಿಸಿದರು.

ಲ್ಯಾಬಿನಲ್ಲಿ ಫೋರ್ಕು ಕಚ್ಚಿಕೊಂಡಾಗ ಅರಳಿದ್ದ ಮುಖ ಮತ್ತೆ ಹಾಗೇ ಅರಳಿತು.

"ಒಪ್ಗೆ" ಎಂದರು ಮಾವ.