ಆರುನೂರು ಚಿಟಿಕೆ

ಎಣಿಸುವುದೂ ಒಂದು ರೋಗವೆಂದು ವೈದ್ಯರು ಇನ್ನೂ ಒಪ್ಪಿಲ್ಲ. ಒಪ್ಪಿದ್ದರೆ ನನ್ನನ್ನು ಹತ್ತನೆಯ ವಯಸ್ಸಿಗೇ ಹಾಸಿಗೆಯಲ್ಲಿ ಮಲಗಿಸಿ ಪಥ್ಯ ಹಾಕುತ್ತಿದ್ದರು. ಆಗ ಮಾಲಗಾಂವದ ನಮ್ಮ ಹಿತ್ತಲಿನ ಎಮ್ಮೆ ಒಂದು ಗಳಿಗೆಗೆ ಎಷ್ಟು ಸಲ ಬಾಲ ಬೀಸುತ್ತದೆಂದು ಒಂದು ತಿಂಗಳು ಬರೆದಿಟ್ಟಿದ್ದೆ. ಅದರಿಂದ ಎಮ್ಮೆಗೂ ಲಾಭವಾಗಲಿಲ್ಲ, ನೊಣಗಳಿಗೂ ಆಗಲಿಲ್ಲ. ಕಾಲೇಜಿಗೆಂದು ಸಾಂಗ್ಲಿಗೆ ಬಂದು ನೇಮುಕಾಕಾನ ಮನೆಯಲ್ಲಿ ಉಳಿದ ಮೇಲೆ ರೋಗ ಬಲಿಯಿತು. ನನ್ನ ದಿನಚರಿಯಲ್ಲಿ ಗೆರೆ ಎಳೆದು ಮನೆ ಮಾಡಿರುತ್ತಿದ್ದೆ: ಎದ್ದ ವೇಳೆ, ಓದಿದ ಪುಟ, ನಡೆದ ಹೆಜ್ಜೆ, ಆಡಿದ ಸುಳ್ಳು, ಓದಿಗೆ ಅಡ್ಡಿ. ಆಡಿದ ಸುಳ್ಳಿನ ಮನೆ ಬಹುತೇಕ ಖಾಲಿ. ಅದೇ ನನ್ನ ಮೊದಲ ಸುಳ್ಳು.

ಜಪಾನಿನ ಮೇಲೆ ಆ ಬಾಂಬು ಬಿದ್ದ ಮರುವರ್ಷದ ಮಾತು. ಸಾಂಗ್ಲಿಯಲ್ಲಿ ಅರಿಸಿನದ ದಲ್ಲಾಳಿಯಿಂದ ಹಿಡಿದು ಕ್ಷೌರದವನವರೆಗೆ ಎಲ್ಲರ ಬಾಯಲ್ಲೂ ಪರಮಾಣು. ನಮ್ಮ ವಿಜ್ಞಾನದ ಮಾಸ್ತರರು ಒಂದು ದಿನ ಪಾಠ ಬಿಟ್ಟು ಅದರ ವಿಷಯವನ್ನೇ ಹೇಳಿದರು. ಕಿರಣಗಳು ಬಾಂಬಿನಲ್ಲಿ ಮಾತ್ರ ಇಲ್ಲ, ಆಕಾಶದಿಂದ ಸದಾ ಬೀಳುತ್ತಿರುತ್ತವೆ. ಬೆಟ್ಟದ ಮೇಲಿನವರಿಗೆ ಹೆಚ್ಚು, ಕಡಲ ಮಟ್ಟದವರಿಗೆ ಕಡಿಮೆ. ತಿರುವಾಂಕೂರಿನ ದಂಡೆಯ ಒಂದು ಬಗೆಯ ಮರಳಿನ ಮೇಲೆ ಓಡಾಡುವವರಿಗೆ ಇನ್ನೂ ಹೆಚ್ಚು. ಕಲ್ಲಿನಲ್ಲಿವೆ, ಮಣ್ಣಿನಲ್ಲಿವೆ, ಮುಚ್ಚಿದ ನೆಲಮನೆಯ ಗಾಳಿಯಲ್ಲಿವೆ, ಗ್ಯಾಸ್‌ಬತ್ತಿಯ ಬಲೆಯಲ್ಲಿವೆ, ಕತ್ತಲೆಯಲ್ಲಿ ಹೊಳೆಯುವ ಗಡಿಯಾರದಲ್ಲಿವೆ, ಉಣ್ಣುವ ಅನ್ನದಲ್ಲಿವೆ, ಉಂಡವನ ಮೈಯಲ್ಲಿಯೂ ಇವೆ. ಇಷ್ಟು ಕೇಳುವಷ್ಟರಲ್ಲಿ ನನ್ನ ಕೈ ತುರಿಸತೊಡಗಿತ್ತು. ಕೆಂಪು ಶಾಯಿಯಿಂದ ಹೊಸ ಮನೆಗಳನ್ನು ಎಳೆಯುತ್ತ ಕುಳಿತೆ. ಮಾಸ್ತರರು ಆಮೇಲೆ ಹದಿನೈದು ನಿಮಿಷ ಇನ್ನೇನೋ ಹೇಳಿದರು. ಗೆರೆ ನೆಟ್ಟಗೆ ಬರಬೇಕಲ್ಲ, ಅದು ನನ್ನ ಕಿವಿಗೆ ಬೀಳಲಿಲ್ಲ.

ಮನೆಗಳೇನೋ ಆದವು, ತುಂಬುವುದು ಹೇಗೆ? ಅಳೆಯುವ ಯಂತ್ರ ಇಡೀ ಸಂಸ್ಥಾನದಲ್ಲಿ ಯಾರ ಬಳಿಯೂ ಇದ್ದಂತಿರಲಿಲ್ಲ. ನಾನೇ ಒಂದು ಅಳತೆ ಮಾಡಿಕೊಂಡೆ, ಅದಕ್ಕೆ ಚಿಟಿಕೆ ಎಂದು ಹೆಸರಿಟ್ಟೆ. ಆಕಾಶಕ್ಕೆ ದಿನಕ್ಕೊಂದು ಚಿಟಿಕೆ. ಅನ್ನ ನೀರಿಗೆ ಒಂದು. ಕಾಕಾನ ಹೊಳೆಯುವ ಗಡಿಯಾರಕ್ಕೆ ಒಂದು. ಮನೆಯ ಗೋಡೆಯ ಕಲ್ಲು ನೋಡಲು ಕರ್ರಗೆ ಭಯಂಕರವಾಗಿತ್ತಾದ್ದರಿಂದ ಅದಕ್ಕೆ ಎರಡು. ಅರಿಸಿನದ ನೆಲಗಣಜಕ್ಕೆ, ಅಂದರೆ ಹಗೇವಿಗೆ, ಒಂದು ಸಲ ಇಳಿದರೆ ಐದು. ಎಕ್ಸ್‌ರೇ ಎಂಬ ಹೆಸರೇ ಚೂಪಾಗಿದೆ, ಐವತ್ತು. ಹೀಗೆ ಎಷ್ಟು ಅಂಜಿಕೆಯೋ ಅಷ್ಟು ಚಿಟಿಕೆ.

ನೇಮುಕಾಕಾ ನನ್ನ ತಂದೆಯ ತಮ್ಮ. ಹರಿಪುರದಲ್ಲಿ ಅರಿಸಿನ ತುಂಬಿಡುವ ಹಗೇವುಗಳ ಮೇಲೆ ಮುಕಾದಮ. ನೆಲದೊಳಗಿನ ಆ ಕಣಜಗಳ ಬಾಯಿ ತೆಗೆಸುವುದು, ಮುಚ್ಚಿಸುವುದು, ಒಳಗೆ ತೇವವಾಗಿದೆಯೇ ನೋಡುವುದು ಅವನ ಕೆಲಸ. ಬಾಯಿ ತೆಗೆದೊಡನೆ ಯಾರೂ ಇಳಿಯುವಂತಿಲ್ಲ. ಮೊದಲು ಹಗ್ಗಕ್ಕೆ ಕಟ್ಟಿದ ಕಂದೀಲು ಇಳಿಯಬೇಕು. ಅದು ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಒಳಗಿನ ಗಾಳಿ ಕೆಟ್ಟಿದೆ ಎಂದರ್ಥ. ಕತ್ತಲೆಯಲ್ಲಿ ವೇಳೆ ತಿಳಿಯಲೆಂದು ಯುದ್ಧದಿಂದ ಮರಳಿದ ಸಿಪಾಯಿಯೊಬ್ಬನಿಂದ ಅವನು ರೇಡಿಯಂ ಗಡಿಯಾರ ಕೊಂಡಿದ್ದ. ಮನೆಯಲ್ಲಿ ಅದಕ್ಕೆ ದೇವರಷ್ಟೇ ಮರ್ಯಾದೆ.

ನನ್ನ ಪಟ್ಟಿಯನ್ನು ಮೊದಲು ಕೇಳಿದವಳು ಕಾಕಾನ ಹೆಂಡತಿ, ಕಾಕೂ. ನಮ್ಮದು ಜೈನರ ಮನೆ, ಅರಿವೆಯಲ್ಲಿ ಸೋಸದ ನೀರು ತುಟಿಗೆ ತಾಗುವುದಿಲ್ಲ. ಅವಳು ಕೊಡದ ಬಾಯಿಗೆ ಅರಿವೆ ಕಟ್ಟುತ್ತಲೇ ಕೇಳಿದಳು:

"ನೀರಿನ್ಯಾಗೂ ಅದಾವಂತೀ. ಎರಡು ಪದರ ಅರಿವ್ಯಾಗ ಸೋಸಿದ್ರ ಹೋಗ್ತಾವೇನೋ ಪದ್ಮಣ್ಣಾ?"

"ಕಿರಣ ಸೋಸಾಕ ಬರೂದಿಲ್ಲ ಕಾಕೂ."

"ಹಂಗಾರ ಅದರಾಗ ಜೀವ ಇಲ್ಲ. ಜೀವ ಇಲ್ಲದ್ದು ಏನ್ ಮಾಡೀತು, ಸುಮ್ನಿರು."

ಅವಳು ನೀರು ಹೊತ್ತುಕೊಂಡು ಒಳಗೆ ಹೋದಳು. ಆ ಮನೆಯಲ್ಲಿ ನನ್ನ ವಿಜ್ಞಾನವನ್ನು ಸರಿಯಾಗಿ ತೂಗಿದವಳು ಅವಳೊಬ್ಬಳೇ. ಕಾಕಾ ಮಾತ್ರ ಅಂಗಿಯ ತೋಳಿನಿಂದ ಗಡಿಯಾರ ಒರೆಸುತ್ತ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಓದಿಸಿದ.

"ಹಗೇವಿನ ಗಾಳಿಗೆ ನಾವು ಕಂದೀಲ ಇಳಸ್ತೀವಿ. ನಿನ್ನ ಕಿರಣಕ್ಕ ಯಾವ ಕಂದೀಲೋ?"

"ಅದಕ್ಕ ಕಂದೀಲ ಇಲ್ಲ ಕಾಕಾ, ಲೆಕ್ಕ ಐತಿ," ಎಂದೆ. ಈ ವಾಕ್ಯ ನನಗೆ ಎಷ್ಟು ಹಿಡಿಸಿತೆಂದರೆ ದಿನಚರಿಯಲ್ಲಿಯೂ ಬರೆದುಕೊಂಡೆ.

"ಹಂಗಾರ ಎಷ್ಟಕ್ಕ ನಿಲ್ಲಬೇಕು, ಅದನ್ನ ಹೇಳು."

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. ದಿನಕ್ಕೆ ಐದರಂತೆ ದೀಪಾವಳಿಯವರೆಗೆ ಕೂಡಿಸಿದೆ, ಹಗೇವಿನ ಕೆಲಸಕ್ಕೆ ಒಂದಿಷ್ಟು ಸೇರಿಸಿದೆ, ಗುಂಡಗೆ ಕಂಡಿತು: "ಆರುನೂರು ಮೀರಬಾರದು ನೋಡ್ರಿ."

ಚಾತುರ್ಮಾಸ ಹಿಡಿಯುವ ಹೊತ್ತು ಅದು. ಆ ದಿನಗಳಲ್ಲಿ ನಮ್ಮ ಮನೆಗಳಲ್ಲಿ ಒಬ್ಬೊಬ್ಬರು ಒಂದೊಂದು ನಿಯಮ ಹಿಡಿಯುತ್ತಾರೆ. ಒಬ್ಬ ಸೊಪ್ಪು ಬಿಡುತ್ತಾನೆ, ಒಬ್ಬ ದಿನಕ್ಕೆ ಹತ್ತೇ ಪದಾರ್ಥ ಎನ್ನುತ್ತಾನೆ, ಒಬ್ಬ ಊರ ಮೇರೆ ದಾಟುವುದಿಲ್ಲ. ಅಳತೆ ಹಾಕಿಕೊಂಡು ಬದುಕುವುದು ನಮ್ಮವರಿಗೆ ಹೊಸದಲ್ಲ. ಮರುದಿನ ಬಸದಿಯಿಂದ ಬಂದ ಕಾಕಾ ಪೇಟ ಇಳಿಸುತ್ತ, "ಈ ಸಲ ನಂದು ಆರುನೂರು ಚಿಟಿಕಿ ನಿಯಮ. ದೀಪಾವಳಿ ಪಾಡವಾತನಕ. ಲೆಕ್ಕಾ ನೀ ಇಡು," ಎಂದ. ನನಗೆ ಎಷ್ಟು ಸಂತೋಷವಾಯಿತೆಂದರೆ ಆ ದಿನ ಓದಿದ ಪುಟ ಸೊನ್ನೆ.

ಕಾಕಾಗೆ ಆಗಲೇ ಸಣ್ಣ ಕೆಮ್ಮು ಇತ್ತು. ಅರಿಸಿನದ ಧೂಳಿನಲ್ಲಿ ಕೆಲಸ ಮಾಡುವವನು ಕೆಮ್ಮದೆ ಹಾಡುತ್ತಾನೆಯೇ ಎಂದು ಎಲ್ಲರೂ ಸುಮ್ಮನಿದ್ದರು. ಶ್ರಾವಣ ಮುಗಿಯುವ ಹೊತ್ತಿಗೆ ಅವನ ಅಂಗಿ ಒಂದು ಅಳತೆ ದೊಡ್ಡದಾಗಿ ಕಾಣತೊಡಗಿತು. ಕಾಕೂ ಜಗಳ ತೆಗೆದು ಅವನನ್ನು ಡಾಕ್ಟರರ ಬಳಿ ಕಳಿಸಿದಳು. ಅವರು ಎದೆಗೆ ನಳಿಗೆಯಿಟ್ಟು ಕೇಳಿ, ಮಿರಜಕ್ಕೆ ಹೋಗಿ ಎದೆಯ ಎಕ್ಸ್‌ರೇ ಫೋಟೋ ತೆಗೆಸಿಕೊಂಡು ಬನ್ನಿ, ತಡ ಮಾಡಬೇಡಿ ಎಂದರು. ಮಿರಜವೇನು ಕಾಶಿಯಲ್ಲ, ರೈಲು ಹತ್ತಿ ಎಲೆ ಅಡಿಕೆ ಹಾಕಿಕೊಂಡರೆ ಉಗುಳುವಷ್ಟರಲ್ಲಿ ಬರುತ್ತದೆ. ಕಾಕಾ ಮನೆಗೆ ಬಂದವನೇ ನನ್ನ ಮುಂದೆ ಕುಳಿತ.

"ಎಷ್ಟ ಉಳದಾವು?"

ದೀಪಾವಳಿಯವರೆಗಿನ ದಿನಗಳಿಗೆ ಬೇಕಾದದ್ದನ್ನು ತೆಗೆದಿಟ್ಟು ನೋಡಿದೆ. "ಇಪ್ಪತ್ತು."

"ಫೋಟೋಕ್ಕ ಐವತ್ತ ಬೇಕು. ಮೂವತ್ತ ಕಮ್ಮಿ ಬಿತ್ತು."

ಒಳಗಿನಿಂದ ಕಾಕೂ ಕೂಗಿದಳು: "ಆ ಹುಡುಗನ ವಹಿ ಒಲಿಗೆ ಹಾಕತೇನಿ ನೋಡ್ರಿ! ಸುಮ್ಮ ಹೋಗಿ ಬರ್ರಿ!"

"ನಿಯಮ ಹಿಡದೇನಿ. ಮುರದು ಹ್ಯಾಂಗ ಹೋಗಲೇ? ಮೂವತ್ತ ಉಳಿಸಿದರಾತು."

ಓದುಗರೇ, ಇಲ್ಲಿ ನಾನು ಒಂದೇ ಒಂದು ಮಾತು ಆಡಬೇಕಿತ್ತು: "ಕಾಕಾ, ಆ ಐವತ್ತು ನಾನು ಮನಸ್ಸಿಗೆ ಬಂದಂತೆ ಕಟ್ಟಿದ್ದು." ಇಷ್ಟೇ. ಆಡಲಿಲ್ಲ. ನನ್ನ ಪಟ್ಟಿಯನ್ನು ಜಗತ್ತಿನಲ್ಲಿ ನಂಬಿದ ಒಬ್ಬನೇ ಒಬ್ಬ ಮನುಷ್ಯ ಎದುರಿಗಿದ್ದ, ಅವನನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ. ಬದಲಿಗೆ ಉಳಿತಾಯದ ದಾರಿ ತೋರಿಸಿದೆ. ಗಡಿಯಾರ ಬಿಚ್ಚಿಟ್ಟರೆ ದಿನಕ್ಕೊಂದು. ಕಲ್ಲುಗೋಡೆಯ ಮನೆ ಬಿಟ್ಟು ಹಿತ್ತಲಿನ ತಗಡಿನ ಚಪ್ಪರದಲ್ಲಿ ಮಲಗಿದರೆ ಇನ್ನೊಂದು. ಹದಿನೈದು ದಿನಕ್ಕೆ ಮೂವತ್ತು, ಗಣಿತ ನೆಟ್ಟಗಿತ್ತು. ಭಾದ್ರಪದದ ಜಿಟಿಜಿಟಿ ಮಳೆಯಲ್ಲಿ ಕಾಕಾ ಹಾಸಿಗೆ ಸುತ್ತಿಕೊಂಡು ಚಪ್ಪರಕ್ಕೆ ನಡೆದ. ಅಲ್ಲಿ ಕಟ್ಟಿಗೆ, ಬೆರಣಿ ಮತ್ತು ಕಾಕಾ, ಮೂರೂ ಒಟ್ಟಿಗೆ ತೇವವಾದವು. ನಾನು ಪ್ರತಿ ಮುಂಜಾನೆ ಎರಡು ಚಿಟಿಕೆ ಕಳೆದು ಬರೆದು, ಅವನಿಗೆ ತೋರಿಸಿ, ಭೇಷ್ ಎನಿಸಿಕೊಳ್ಳುತ್ತಿದ್ದೆ.

ಹದಿಮೂರನೆಯ ದಿನ ಕೃಷ್ಣೆಯ ನೀರು ಏರಿತು. ಹಗೇವುಗಳಿಗೆ ತೇವ ತಾಗಿತೆಂದು ಹರಿಪುರದಿಂದ ಕರೆ ಬಂತು. ಆಳುಗಳನ್ನು ಇಳಿಸುವ ಮುನ್ನ ತಾನು ಇಳಿಯುವುದು ಕಾಕಾನ ಪದ್ಧತಿ. ಎರಡು ದಿನದಲ್ಲಿ ಆರು ಸಲ ಇಳಿದ. ಆರೈದಲೆ ಮೂವತ್ತು. ಮೂರನೆಯ ದಿನ ಮೈಯೆಲ್ಲ ಹಳದಿಯಾಗಿ ಬಂದು, ಕೆಮ್ಮು ನಿಲ್ಲುವವರೆಗೆ ಕಂಬ ಹಿಡಿದು ನಿಂತು, "ಎಲ್ಲಾ ಖರ್ಚಾತಲ್ಲೋ ಪದ್ಮ್ಯಾ," ಎಂದು ನಕ್ಕ. ನಾನು ಬರೆದುಕೊಂಡೆ.

ಆಮೇಲೂ ಉಳಿಸಿದ್ದೆಲ್ಲ ಹಗೇವಿಗೇ ಖರ್ಚಾಯಿತು. ಪಾಡವಾ, ಅಂದರೆ ಬಲಿಪಾಡ್ಯಮಿ, ಕಳೆದ ಮರುದಿನ ಮಿರಜಕ್ಕೆ ಹೋದೆವು. ಡಾಕ್ಟರರು ಕಪ್ಪು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮರಾಠಿಯಲ್ಲಿ ನಿಧಾನವಾಗಿ ವಿವರಿಸಿದರು. ಎಡಗಡೆ ಮೇಲೆ ಒಂದು ತೂತು, ಬಲಗಡೆ ಅದರ ತಮ್ಮ. ಶ್ರಾವಣದಲ್ಲೇ ಬಂದಿದ್ದರೆ ಒಂದೇ ಕಡೆ ಇರುತ್ತಿತ್ತೇನೋ ಎಂದರು. ಕಾಕಾ ಆ ತೂತನ್ನೇ ಬಹಳ ಹೊತ್ತು ನೋಡಿದ.

"ಥೇಟ್ ಹಗೇವಿನ ಬಾಯಿ ಇದ್ದಂಗ ಐತಿ. ಹಂಗಾರ ಪದ್ಮ್ಯಾ, ಈ ಫೋಟೋನ ಕಂದೀಲ ಅಲ್ಲೇನೋ? ಒಳಗ ಗಾಳಿ ಕೆಟ್ಟೈತೋ ಇಲ್ಲೋ ನೋಡಾಕ ಇಳಸೂದು?"

ಐವತ್ತು ಬರೆಯಲೆಂದು ತೆಗೆದ ದಿನಚರಿಯನ್ನು ಮುಚ್ಚಿದೆ. ನಿಯಮದ ಅವಧಿ ಮುಗಿದಿತ್ತು.

ಕಾಕಾನನ್ನು ಊರ ಹೊರಗಿನ ಕ್ಷಯದ ಆಸ್ಪತ್ರೆಗೆ ಸೇರಿಸಿದ ವಾರವೇ ಮಾಸ್ತರರ ಮನೆಗೆ ಹೋಗಿ ಪಟ್ಟಿಯನ್ನು ಮುಂದಿಟ್ಟೆ. ಅವರು ಕನ್ನಡಕ ಏರಿಸಿ ನೋಡಿದರು. "ಯಾವುದರಿಂದ ಅಳೆದಿ ಇದನ್ನ?" ಉತ್ತರಕ್ಕೆ ಕಾಯದೆ ಒಂದೊಂದೇ ಮನೆಗೆ ಬೆರಳಿಟ್ಟು ಹೇಳುತ್ತ ಹೋದರು. ನಮ್ಮ ಕಡೆಯ ಕಪ್ಪು ಕಲ್ಲಿನಲ್ಲಿ ಆ ಗುಣ ಬಹಳ ಕಡಿಮೆಯಂತೆ. ಅನ್ನ ನೀರಿನದು ಮನುಷ್ಯ ಹುಟ್ಟಿದಾಗಿನಿಂದ ಜೊತೆಗಿರುವುದಂತೆ. ಅದಿಲ್ಲದ ಮನುಷ್ಯ ಭೂಮಿಯ ಮೇಲೆ ಎಲ್ಲಿಯೂ ಇಲ್ಲವಂತೆ. ಎಕ್ಸ್‌ರೇ ಜೊತೆ ಹುಡುಗಾಟ ಆಡಬಾರದು ನಿಜ, ಮೊದಮೊದಲು ದಿನವಿಡೀ ಅದರ ಮುಂದೆ ಕೈಯೊಡ್ಡಿದವರು ಬೆರಳು ಕಳೆದುಕೊಂಡಿದ್ದಾರೆ. ಆದರೆ ರೋಗಿಗೆ ಬೇಕಾದಾಗ ತೆಗೆಯುವ ಒಂದು ಫೋಟೋಕ್ಕೆ ಅಂಜಿ ಕೂಡುವುದು ಹುಚ್ಚುತನ. "ಇದನ್ನೆಲ್ಲಾ ಅವತ್ತ ಹೇಳೇನಲ್ಲೋ! ಹದಿನೈದು ಮಿನಿಟ ಇದನ್ನ ಹೇಳೇನಿ. ನೀ ಏನ್ ಮಾಡಾಕತ್ತಿದ್ದಿ?"

"ಗೆರಿ ಎಳ್ಯಾಕತ್ತಿದ್ದೆ ಸರ್."

ಮುಂದಿನ ರವಿವಾರ ಆಸ್ಪತ್ರೆಯ ವರಾಂಡದಲ್ಲಿ ಕಾಕಾನ ಮಂಚದ ಬಳಿ ನಿಂತು ಎಲ್ಲವನ್ನೂ ಒಪ್ಪಿಕೊಂಡೆ. ಆರುನೂರೂ ಸುಳ್ಳು, ಐವತ್ತೂ ಸುಳ್ಳು. ಅವನು ಬಯ್ಯುತ್ತಾನೆಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ನೀ ಎಲ್ಲಿಂದ ಅಳದೀಯೋ ಅಂತ ನನಗೂ ಅನುಮಾನ ಇತ್ತು ತಗೋ," ಎಂದ. "ಅಂಕಿ ಸುಳ್ಳ ಇದ್ದೀತು. ಹಿಡದ ನಿಯಮ ಸುಳ್ಳಲ್ಲಲೋ." ಆಮೇಲೆ ತಲೆದಿಂಬಿನ ಕೆಳಗಿನಿಂದ ಗಡಿಯಾರ ತೆಗೆದು, "ಇನ್ನ ಇದನ್ನ ಕಟ್ಟಿಕೋಬಹುದಲ್ಲ?" ಎಂದು ಕೇಳಿದ. ನಾನೇ ಕಟ್ಟಿದೆ. ಗಡಿಯಾರದ ಪಟ್ಟಿಗೆ ಹೊಸದಾಗಿ ಎರಡು ತೂತು ಮಾಡಬೇಕಾಯಿತು.

ಮುಂದಿನ ಚಾತುರ್ಮಾಸ ಹಿಡಿಯುವ ಮೊದಲೇ ಕಾಕಾ ಹೋದ. ಗಡಿಯಾರ ನನಗೆ ಬಂತು. ಅದರ ಹೊಳಪಿನ ಮೂಲ ಸಾವಿರಾರು ವರ್ಷ ಕರಗುವುದಿಲ್ಲವಂತೆ. ಕಟ್ಟಿಕೊಳ್ಳುವವರ ವಿಷಯದಲ್ಲಿ ಅಂಥ ಅನುಕೂಲವಿಲ್ಲ.

ಮೊನ್ನೆ ಕಾಕೂ ಮನೆ ಸಾರಿಸುತ್ತ ಆ ವರ್ಷದ ನನ್ನ ದಿನಚರಿಯನ್ನು ಹೊರಗಿಟ್ಟಳು. ಅವಳು ಅದನ್ನು ಒಲೆಗೆ ಹಾಕಿರಲಿಲ್ಲ, ಓದಿಯೂ ಇರಲಿಲ್ಲ. ಬಾಗಿಲ ಬಳಿ ಕುಳಿತು ತಿರುವಿ ಹಾಕಿದೆ. ಚಿಟಿಕೆಯ ಮನೆಗಳು ಮುತ್ತಿನಂಥ ಅಕ್ಷರದಲ್ಲಿದ್ದವು. ಅವುಗಳ ಪಕ್ಕದಲ್ಲಿ ನನ್ನ ಹಳೆಯ ಮನೆ, ಓದಿಗೆ ಅಡ್ಡಿ. ಆಷಾಢದಿಂದ ಅದು ತುಂಬುತ್ತ ಬಂದಿದೆ. ಓಣಿಯ ನಾಯಿ, ಮೂರು. ಪಕ್ಕದ ಮನೆಯ ಜಗಳ, ಏಳು. ಉಳಿದ ಕಡೆಯೆಲ್ಲ ಒಂದೇ ಮಾತು: ಕಾಕಾನ ಕೆಮ್ಮು, ಕಾಕಾನ ಕೆಮ್ಮು, ಕಾಕಾನ ಕೆಮ್ಮು. ವಾರವಾರಕ್ಕೂ ಹೆಚ್ಚುತ್ತ ಹೋಗಿದೆ. ದೀಪಾವಳಿಯ ಹಿಂದಿನ ದಿನ ಕೆಂಪು ಶಾಯಿಯಲ್ಲಿ ಕೆಮ್ಮಿನ ಒಟ್ಟು ಹಾಕಿ ಕೆಳಗೆ ಎರಡು ಗೆರೆ ಎಳೆದಿದ್ದೇನೆ: ಇನ್ನೂರ ಹದಿನಾಲ್ಕು. ಆ ದಿನಚರಿಯಲ್ಲಿ ಕಾಕಾನ ಬಗ್ಗೆ ಕಿವಿಯಾರೆ ಕೇಳಿ ಬರೆದ ಅಂಕಿ ಅದೊಂದೇ.

ಕುಳಿತಲ್ಲೇ ಮತ್ತೊಮ್ಮೆ ಕೂಡಿಸಿ ನೋಡಿದೆ. ತಪ್ಪಿಲ್ಲ.