ಬರೀ ನೀರೂ ಹಸಿರಾದ ದಿನ

ಚಳಿಗಾಲದ ಒಂದು ಶುಕ್ರವಾರ, ಬೆಳಿಗ್ಗೆ ಎಂಟು ಗಂಟೆಗೆ ಶುರುವಾದದ್ದು ಇದು. ಕ್ಯಾನ್ಸರ್ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುವವನಿಗೆ ಫಳಫಳಪ್ಪ ಎಂದೇ ಹೆಸರು ಬಿದ್ದಿತ್ತು. ಅವನು ತೊಳೆದ ಟ್ಯೂಬಿನಲ್ಲಿ ನೊಣ ಕೂಡ ಮುಖ ನೋಡಿ ಮೀಸೆ ತಿರುವಿಕೊಳ್ಳುತ್ತಿತ್ತು.

"ಇವತ್ತಿನ ಪರೀಕ್ಷೆ ಮುಗೀಲಿ, ನಾಳೆಯಿಂದ ಹತ್ತು ದಿನ ರಜಾ ತಗೊಳ್ಳಿ," ಎಂದಿದ್ದರು ಡಾಕ್ಟರಮ್ಮ. ಮಗಳ ಊರಿಗೆ ಗಂಡಹೆಂಡಿರ ಎರಡು ಬಸ್ ಟಿಕೆಟ್ ತೆಗೆದಾಗಿತ್ತು. ಹುಟ್ಟಿ ಮೂರು ತಿಂಗಳಾದ ಮೊಮ್ಮಗಳನ್ನು ಅವನಿನ್ನೂ ಎತ್ತಿಕೊಂಡಿರಲಿಲ್ಲ.

ಆದರೆ ಪರೀಕ್ಷೆಗೆ ಮೊದಲು ಎಂಟು ಟ್ಯೂಬುಗಳನ್ನು ಆಸಿಡ್‌ನಲ್ಲಿ ನೆನೆಹಾಕಿ, ಹತ್ತು ಸಲ ಜಾಲಾಡಬೇಕು. ಅಷ್ಟರಲ್ಲಿ ಅಲ್ಲಿಯೇ ಗುಮಾಸ್ತನಾಗಿದ್ದ ಹೆಂಡತಿಯ ತಮ್ಮ ಬಾಗಿಲಲ್ಲಿ ತಲೆ ತೂರಿಸಿದ.

"ಏನ್ ಭಾವ, ಮದುಮಗಳಿಗೆ ಸ್ನಾನ ಮಾಡಿಸ್ತಿದ್ದೀರಾ? ಬಟ್ಟೆ ಸೋಪಿನ ಪುಡಿ ಹಾಕಿ ಉಜ್ಜಿ, ಹತ್ತೇ ನಿಮಿಷ!"

ಇವನೂ ಉಜ್ಜಿಬಿಟ್ಟ.

ಪರೀಕ್ಷೆಯೇನೆಂದು ಡಾಕ್ಟರಮ್ಮ ಹಿಂದೆಯೇ ಬಿಡಿಸಿ ಹೇಳಿದ್ದರು: "ನಮ್ಮ ಮೈಯ ಕಣದೊಳಗೆ ಕೈನೇಸ್ ಅನ್ನೋನು ಫಾಸ್ಫೇಟ್ ಅಂಟಿಸ್ತಾನೆ, 'ಬೆಳೀರಿ' ಅಂತ ಸುದ್ದಿ ಹೊರಡುತ್ತೆ. ಫಾಸ್ಫಟೇಸ್ ಅನ್ನೋನು ಅದನ್ನ ಕಿತ್ತು 'ಸಾಕು' ಅಂತಾನೆ. ಕೀಳೋನು ಮಲಗಿಬಿಟ್ರೆ ಕಣ ಬೆಳೀತಾನೇ ಇರುತ್ತೆ, ಕ್ಯಾನ್ಸರ್ ಆಗಬಹುದು." ಮಲಗಿದವನನ್ನು ಎಬ್ಬಿಸುವ ಔಷಧಿ ಅವರದು. ಅವನೆದ್ದು ಫಾಸ್ಫೇಟ್ ಕಿತ್ತಿದ್ದರೆ, ಹಳದಿ ಬಣ್ಣದ ದ್ರಾವಣ ಬಿಟ್ಟಾಗ ಟ್ಯೂಬು ಹಸಿರಾಗಬೇಕು.

ಹನ್ನೊಂದಕ್ಕೆ ಎಂಟೂ ಟ್ಯೂಬು ಗಿಳಿಮರಿಗಳ ಹಾಗೆ ಹಸಿರಾದವು! ಪಕ್ಕದ ಕೋಣೆಯವರೆಲ್ಲ ಓಡಿಬಂದು ಚಪ್ಪಾಳೆ ತಟ್ಟಿದರು.

"ತೊಳೆಯೋ ಐಡಿಯಾ ನಂದೇ," ಎಂದು ಗುಮಾಸ್ತ ಎದೆಯುಬ್ಬಿಸಿದ.

ಡಾಕ್ಟರಮ್ಮ ಮಾತ್ರ ಕೊನೆಯ ಟ್ಯೂಬನ್ನು ಬೆಳಕಿಗೆ ಹಿಡಿದರು. "ಔಷಧಿ ಹಾಕಿದ್ದು ಒಂದಕ್ಕೆ ಮಾತ್ರ. ಇದರಲ್ಲಿದ್ದದ್ದು ಬರೀ ನೀರು. ನೀರಿಗೂ ಎಚ್ಚರವಾಯ್ತೇನ್ರೀ?"

ಗುಮಾಸ್ತ ಮೆಲ್ಲಗೆ ಜಾರಿಕೊಂಡ. ಫಳಫಳಪ್ಪನ ಹೊಳಪೆಲ್ಲ ಇಳಿದುಹೋಯಿತು. "ಸೋಪಿನ ಪುಡಿ ಹಾಕ್ದೆ, ಅಮ್ಮಾ..."

"ಅಯ್ಯೋ, ಆ ಪುಡಿಯಲ್ಲೇ ಫಾಸ್ಫೇಟ್ ಇದೆ ಮಾರಾಯ್ರೇ!"

ಮತ್ತೆ ಆಸಿಡ್, ಮತ್ತೆ ಹತ್ತು ಸಲ ಜಾಲಾಟ. ಊಟ ಮರೆತ, ಸೊಂಟ ಮರೆತ. ಸಂಜೆ ಐದಕ್ಕೆ ಏಳು ಟ್ಯೂಬು ಹಳದಿಯಾಗಿಯೇ ಉಳಿದವು. ಔಷಧಿ ಹಾಕಿದ ಒಂದೇ ಒಂದು ಹಸಿರಾಯಿತು. ಡಾಕ್ಟರಮ್ಮನ ಕಣ್ಣು ತುಂಬಿತು.

"ಹಾಗಾದ್ರೆ ರಜಾ, ಅಮ್ಮಾ?"

"ಈಗೆಲ್ಲಿಯ ರಜಾ? ಇದನ್ನ ಇನ್ನೂ ಮುನ್ನೂರು ಸಲ ಮಾಡಿ ತೋರಿಸಬೇಕು. ಈ ಗಾಜನ್ನ ನಾನು ಇನ್ಯಾರ ಕೈಗೂ ಕೊಡಲ್ಲ!"

ಶನಿವಾರ ಬೆಳಿಗ್ಗೆ ಬಸ್ಸು ಹೊರಟಿತು. ಕಿಟಕಿಯ ಪಕ್ಕ ಹೆಂಡತಿ. ಇವನ ಸೀಟಿನಲ್ಲಿ ಗುಮಾಸ್ತ. "ಟಿಕೆಟ್ ಹಾಳಾಗಬಾರದಲ್ಲ, ಭಾವ! ಮಗೂನ ನಿಮ್ಮ ಪರವಾಗಿ ನಾನೇ ಎತ್ಕೋತೀನಿ," ಎಂದು ಕೈ ಬೀಸುತ್ತ ಅವನೂ ಹೋದ.